ಕುದ್ಮುಲ್ ರಂಗರಾವ್

ಹತ್ತೊಂಬತ್ತನೆಯ ಶತಮಾನದಲ್ಲಿ ದಕ್ಷಿಣ ಕನ್ನಡವು ಮದರಾಸು ಪ್ರಾಂತಕ್ಕೆ ಸೇರಿದ ಜಿಲ್ಲೆಯಾಗಿತ್ತು. ಅಲ್ಲಿಯ ಭತ್ತದ ಗದ್ದೆಗಳಲ್ಲಿ ಉತ್ತು ಬಿತ್ತಿ ನೆಟ್ಟು ಕೊಯ್ಯುವ ಕೆಲಸವೆಲ್ಲ ಅಸ್ಪೃಶ್ಯರೆನಿಸಿಕೊಂಡ ಜನರದು. ನೆಲ ಮಾತ್ರ ಅವರದಲ್ಲ. ಮೂಲದಾಳುಗಳಾಗಿ ಅವರು ಒಡೆಯನ ಭೂಮಿಗೆ ಅಂಟಿಕೊಂಡೇ ಬಾಳುತ್ತಿದ್ದರು. 1843ರ ಶಾಸನವು ಗುಲಾಮಗಿರಿಗೆ ಕಾನೂನಿನ ಮನ್ನಣೆಯನ್ನು ಇಲ್ಲವಾಗಿಸಿದರೂ ಸಾಲದ ಕಟ್ಟು ಸಡಿಲಲಿಲ್ಲ. ಕೊರಗರ ಪಾಡು ಇನ್ನೂ ಘೋರವಾಗಿತ್ತು. ಉಳ್ಳವರು ತಮ್ಮ ಉಗುರು, ಕೂದಲುಗಳನ್ನು ಬೆರೆಸಿದ ಅನ್ನವನ್ನು ಅವರಿಗೆ ತಿನ್ನಿಸುವ ಅಜಲು ಪದ್ಧತಿ ರೂಢಿಯಲ್ಲಿತ್ತು. ಅದನ್ನು ಶಾಸನದ ಮೂಲಕ ನಿಷೇಧಿಸಲು ಕರ್ನಾಟಕದಲ್ಲಿ 2000ದ ವರ್ಷ ಬರಬೇಕಾಯಿತು ಎಂಬುದರಿಂದಲೇ ಈ ಕಟ್ಟಳೆಗಳ ಬೇರು ಎಷ್ಟು ಆಳದ್ದೆಂಬುದನ್ನು ಊಹಿಸಬಹುದು.

ಇಂತಹ ಜಿಲ್ಲೆಯ ಕಾಸರಗೋಡಿನಲ್ಲಿ 1859ರ ಜೂನ್ 29ರಂದು ರಂಗರಾಯರು ಸಾರಸ್ವತ ಬ್ರಾಹ್ಮಣ ಕುಟುಂಬವೊಂದರಲ್ಲಿ ಜನಿಸಿದರು. ಚಿಕ್ಕಂದಿನಲ್ಲಿಯೇ ತಂದೆಯನ್ನು ಕಳೆದುಕೊಂಡು ಜೀವನೋಪಾಯಕ್ಕಾಗಿ ಮಂಗಳೂರಿಗೆ ಬಂದರು. ಮೊದಲು ಉಪಾಧ್ಯಾಯರಾಗಿದ್ದು, ಅನಂತರ ಪ್ಲೀಡರ್ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ವಕೀಲರಾದರು. ಬಡವರ ಪರವಾಗಿ ವಾದಿಸುವ ವಕೀಲರೆಂಬ ಹೆಸರು ಅವರಿಗೆ ಬಂದಿತು.

ಮಂಗಳೂರಿನಲ್ಲಿ 1870ರಿಂದಲೇ ಬ್ರಾಹ್ಮಸಮಾಜದ ಗಾಳಿ ಬೀಸಿತ್ತು. ತಮ್ಮ ಜನರಿಗೆ ಮಾನದ ಬಾಳು ದೊರೆಯಲೆಂದು ಬಿಲ್ಲವ ಮುಖಂಡ ಅರಸಪ್ಪನವರು ಮಾಡಿದ ಪ್ರಯತ್ನ ಅದಕ್ಕೆ ಕಾರಣವಾಗಿತ್ತು. ಉಳ್ಳಾಲ ರಘುನಾಥಯ್ಯನವರ ಮಾರ್ಗದರ್ಶನದಲ್ಲಿ ರಂಗರಾಯರು ಈ ಸಮಾಜವನ್ನು ಸೇರಿದರು. ಜಾತಿಯಿಲ್ಲದ ದೇವರನ್ನು ಮಂದಿರದಲ್ಲಿ ಪ್ರಾರ್ಥಿಸುವುದು ಅಷ್ಟೇನೂ ಕಷ್ಟವಲ್ಲ. ಆ ಪ್ರಾರ್ಥನೆಯನ್ನು ಕೇರಿಯವರೆಗೆ ಕೊಂಡೊಯ್ಯುವುದು ಕಷ್ಟ. ರಂಗರಾಯರು ಆ ಕಷ್ಟದ ದಾರಿಯನ್ನೇ ಹಿಡಿದರು.

1892ರಲ್ಲಿ ಉರ್ವದ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗಾಗಿ ಅವರು ಶಾಲೆಯೊಂದನ್ನು ತೆರೆದರು. ಮೇಲುಜಾತಿಯ ಉಪಾಧ್ಯಾಯರು ಅಲ್ಲಿ ಕಲಿಸಲು ಸಿದ್ಧರಿರಲಿಲ್ಲ. ನೆರೆಹೊರೆಯವರು ಶಾಲೆಯನ್ನು ಸಹಿಸಲಿಲ್ಲ. ಆದರೂ ರಂಗರಾಯರು ಹಿಂಜರಿಯದೆ ಬೇರೆಬೇರೆ ಊರುಗಳಲ್ಲಿಯೂ ಇಂತಹ ಶಾಲೆಗಳನ್ನು ಸ್ಥಾಪಿಸಿದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯನ್ನು ಕಟ್ಟಿದರು. ಕೊಡಿಯಾಲಬೈಲಿನ ಶೇಡಿಗುಡ್ಡೆ ಅದರ ಕೇಂದ್ರವಾಯಿತು.

ಶಾಲೆಯ ಬಾಗಿಲು ತೆರೆದ ಮಾತ್ರಕ್ಕೆ ಮಕ್ಕಳು ಬರಲಾರರೆಂಬುದು ರಂಗರಾಯರಿಗೆ ಬೇಗನೆ ಮನವರಿಕೆಯಾಯಿತು. ದನ ಕಾಯುವ ಹುಡುಗನು ಶಾಲೆಗೆ ಬಂದರೆ ಅವನ ಆ ಹೊತ್ತಿನ ಗಂಜಿ ತಪ್ಪುತ್ತಿತ್ತು. ಕಳುಹಿಸಿದ ತಂದೆಯ ಮೇಲೆ ಒಡೆಯನ ಕಣ್ಣು ಕೆಂಪಗಾಗುತ್ತಿತ್ತು. ಆದುದರಿಂದ ಶಾಲೆಯಲ್ಲಿಯೇ ಮಧ್ಯಾಹ್ನದ ಊಟದ ಏರ್ಪಾಡಾಯಿತು. ಓದು ಕಲಿತವನು ಮರಳಿ ಅದೇ ಗದ್ದೆಯ ಜೀತಕ್ಕೆ ಹೋಗಬಾರದೆಂದು ನೇಯ್ಗೆ, ಮರಗೆಲಸಗಳನ್ನು ಕಲಿಸಲಾಯಿತು. ದೂರದಿಂದ ಬರುವ ಮಕ್ಕಳಿಗೆ ವಿದ್ಯಾರ್ಥಿನಿಲಯ, ನೆಲೆಯಿಲ್ಲದ ಕುಟುಂಬಗಳಿಗೆ ಮನೆ ಕಟ್ಟಿಕೊಳ್ಳಲು ಸ್ಥಳ, ಹೀಗೆ ಒಂದರ ಹಿಂದೆ ಒಂದು ಕೆಲಸ ಬೆಳೆಯಿತು. ಹೊಟ್ಟೆ, ಕಸುಬು, ಸೂರು ಇವೆಲ್ಲ ಜಾತಿಯೆಂಬ ಒಂದೇ ಹಗ್ಗದಿಂದ ಬಿಗಿಯಲ್ಪಟ್ಟಿದ್ದುವು. ಒಂದೆಳೆಯನ್ನು ಕತ್ತರಿಸಿದರೆ ಸಾಲದೆಂಬುದನ್ನು ಅವರು ಪುಸ್ತಕದಿಂದ ಕಲಿಯಲಿಲ್ಲ, ಶಾಲೆ ನಡೆಸಿಯೇ ಕಲಿತರು.

ಇದಕ್ಕೆ ತೆತ್ತ ಬೆಲೆ ಸಣ್ಣದಲ್ಲ. ಸ್ವಜಾತಿಯವರು ಅವರಿಗೆ ಬಹಿಷ್ಕಾರ ಹಾಕಿದರು. ಅಂದಿನ ಬಹಿಷ್ಕಾರವೆಂದರೆ ಮದುವೆಮುಂಜಿಗಳಿಗೆ ಕರೆಯಿಲ್ಲ, ಮನೆಯ ಶುಭಕಾರ್ಯಕ್ಕೆ ಪುರೋಹಿತರಿಲ್ಲ, ಮಕ್ಕಳಿಗೆ ಸಂಬಂಧ ಕೂಡಿಬರುವಂತಿಲ್ಲ. ಇದನ್ನು ರಂಗರಾಯರೊಬ್ಬರೇ ಅಲ್ಲ, ಅವರ ಮನೆಯವರೆಲ್ಲರೂ ಅನುಭವಿಸಬೇಕಾಯಿತು. ಊರ ಮಕ್ಕಳಿಗೆ ಬೋಧಿಸಿದುದನ್ನು ರಂಗರಾಯರು ತಮ್ಮ ಮನೆಯಲ್ಲಿಯೂ ನಡೆಸಿದರು. ಅವರ ಮಗಳು ರಾಧಾಬಾಯಿಯವರ ವಿವಾಹವು 1912ರಲ್ಲಿ ಬೇರೆ ಜಾತಿಯ, ಬೇರೆ ಭಾಷೆಯ ಪಿ. ಸುಬ್ಬರಾಯನ್ ಅವರೊಡನೆ ನಡೆಯಿತು. ಸುಬ್ಬರಾಯನ್ ಮುಂದೆ ಮದರಾಸು ಪ್ರಾಂತದ ಮುಖ್ಯಮಂತ್ರಿಗಳಾದರು. ರಾಧಾಬಾಯಿಯವರು 1930ರ ದುಂಡುಮೇಜಿನ ಪರಿಷತ್ತಿನಲ್ಲಿ ಭಾಗವಹಿಸಿ, 1938ರಲ್ಲಿ ಕೇಂದ್ರದ ಕೌನ್ಸಿಲ್ ಆಫ್ ಸ್ಟೇಟ್‌ಗೆ ಚುನಾಯಿತರಾದ ಮೊದಲ ಮಹಿಳೆಯೆನಿಸಿದರು.

ಸರ್ಕಾರವು ರಂಗರಾಯರಿಗೆ ರಾವ್ ಸಾಹೇಬ್ ಬಿರುದನ್ನು ನೀಡಿತು. ಅವರ ಆಸೆ ಬೇರೆಯೇ ಆಗಿತ್ತು. ತಮ್ಮ ಶಾಲೆಯಲ್ಲಿ ಓದಿದ ಮಗುವೊಂದು ದೊಡ್ಡ ಅಧಿಕಾರಿಯಾಗಿ ಕಾರಿನಲ್ಲಿ ಹೋಗುವಾಗ ಎದ್ದ ಧೂಳು ತಮ್ಮ ತಲೆಯ ಮೇಲೆ ಬೀಳಬೇಕೆಂದು ಅವರು ಬಯಸುತ್ತಿದ್ದರು. ಈ ಬಯಕೆಯನ್ನು ಅವರ ಸಮಾಧಿಯಲ್ಲಿ ಕೆತ್ತಲಾಗಿದೆ.

1927ರಲ್ಲಿ ರಂಗರಾಯರು ಸಂನ್ಯಾಸ ಸ್ವೀಕರಿಸಿ ಈಶ್ವರಾನಂದರಾದರು. ಮರುವರ್ಷ ಜನವರಿ 30ರಂದು ನಿಧನರಾದರು. ತಮ್ಮ ಕಳೇಬರವನ್ನು ಊರಿನ ತೋಟಿಗಳೇ ಹೊರಬೇಕೆಂದು ಅವರು ಮೊದಲೇ ತಿಳಿಸಿದ್ದರು, ಅದರಂತೆಯೇ ನಡೆಯಿತು. 1934ರಲ್ಲಿ ಹರಿಜನ ಪ್ರವಾಸದಲ್ಲಿದ್ದ ಗಾಂಧೀಜಿಯವರು ಮಂಗಳೂರಿಗೆ ಬಂದಾಗ ರಂಗರಾಯರು ಬೆಳೆಸಿದ ಸಂಸ್ಥೆಯನ್ನು ಸಂದರ್ಶಿಸಿದರು. ನಗರದ ಪುರಭವನಕ್ಕೆ ಈಗ ರಂಗರಾಯರ ಹೆಸರನ್ನಿಡಲಾಗಿದೆ.