ಧನ್ವಂತಿ ರಾಮ ರಾವ್

ಧನ್ವಂತಿ ರಾಮ ರಾವ್ (10 ಮೇ 1893 – 19 ಜುಲೈ 1987) ಭಾರತದ ಸಮಾಜ ಸೇವಕಿ ಹಾಗೂ ಕುಟುಂಬ ಯೋಜನಾ ಚಳವಳಿಯ ಮುಂದಾಳು. ಇವರು ಭಾರತೀಯ ಕುಟುಂಬ ಯೋಜನಾ ಸಂಘದ ಸ್ಥಾಪಕ ಅಧ್ಯಕ್ಷೆ. ಗರ್ಭನಿರೋಧವನ್ನು ಮಹಿಳೆಯ ಆರೋಗ್ಯದ ಪ್ರಶ್ನೆಯಾಗಿಯೂ ಕಾಣಬೇಕೆಂದು ಇವರು ಪ್ರತಿಪಾದಿಸಿದರು.

ಆರಂಭಿಕ ಜೀವನ

ಧನ್ವಂತಿಯವರು ಹುಬ್ಬಳ್ಳಿಯಲ್ಲಿ ನೆಲೆಸಿದ್ದ ಹಂಡೂ ಎಂಬ ಕಾಶ್ಮೀರಿ ಪಂಡಿತ ಕುಟುಂಬದಲ್ಲಿ ಜನಿಸಿದರು. ಬಾಲ್ಯವನ್ನು ಅಲ್ಲಿಯೇ ಕಳೆದ ಕಾರಣ ಕನ್ನಡವನ್ನು ಬಲ್ಲವರಾಗಿದ್ದರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪದವಿ ಪಡೆದು ಕ್ವೀನ್ ಮೇರೀಸ್ ಕಾಲೇಜಿನಲ್ಲಿ ಅಧ್ಯಾಪಕಿಯಾದರು. 1919ರಲ್ಲಿ ಬೆನಗಲ್ ರಾಮ ರಾವ್ ಅವರನ್ನು ವಿವಾಹವಾದರು. ರಾಮ ರಾವ್ ಮುಂದೆ ಭಾರತೀಯ ರಿಸರ್ವ್ ಬ್ಯಾಂಕಿನ ಗವರ್ನರ್ ಆದರು. ಲೇಖಕಿ ಶಾಂತಾ ರಾಮ ರಾವ್ ಈ ದಂಪತಿಯ ಪುತ್ರಿ.

ಸಾರ್ವಜನಿಕ ಸೇವೆ

ಬಾಲ್ಯವಿವಾಹ ವಿರೋಧಿ ಚಳವಳಿಯಲ್ಲಿ ದುಡಿದ ಧನ್ವಂತಿಯವರು 1946–47ರಲ್ಲಿ ಅಖಿಲ ಭಾರತ ಮಹಿಳಾ ಸಮ್ಮೇಳನದ ಅಧ್ಯಕ್ಷೆಯಾಗಿದ್ದರು.

ಮೈಸೂರು ಸಂಸ್ಥಾನವು 1930ರಲ್ಲಿಯೇ ಸರ್ಕಾರಿ ಗರ್ಭನಿರೋಧ ಚಿಕಿತ್ಸಾಲಯಗಳನ್ನು ತೆರೆದಿದ್ದರೂ ದೇಶದಲ್ಲಿ ಈ ವಿಷಯದ ಬಗ್ಗೆ ಸಂಕೋಚವಿತ್ತು. ಇಂತಹ ಸಂದರ್ಭದಲ್ಲಿ, 1949ರಲ್ಲಿ, ಅವರು ಮುಂಬಯಿಯಲ್ಲಿ ಕುಟುಂಬ ಯೋಜನಾ ಸಂಘವನ್ನು ಸ್ಥಾಪಿಸಿದರು. ಅಂದಿನ ಆರೋಗ್ಯ ಸಚಿವೆ ರಾಜಕುಮಾರಿ ಅಮೃತ್ ಕೌರ್ ಗಾಂಧೀವಾದಿಯಾಗಿದ್ದು, ಕೃತಕ ಸಾಧನಗಳನ್ನು ಒಪ್ಪುತ್ತಿರಲಿಲ್ಲ. ಆದ್ದರಿಂದ ಸರ್ಕಾರದ ಮೊದಲ ಪ್ರಯೋಗಗಳು ಋತುಚಕ್ರದ ಲೆಕ್ಕವನ್ನು ಆಧರಿಸಿದ್ದವು. ರಾಮನಗರವು ಅವುಗಳ ಕೇಂದ್ರಗಳಲ್ಲಿ ಒಂದಾಗಿತ್ತು. 1952ರಲ್ಲಿ ಮುಂಬಯಿಯಲ್ಲಿ ನಡೆದ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಅಂತರರಾಷ್ಟ್ರೀಯ ಯೋಜಿತ ಪಿತೃತ್ವ ಒಕ್ಕೂಟವು ರೂಪುಗೊಂಡಿತು. ಮಾರ್ಗರೆಟ್ ಸ್ಯಾಂಗರ್ ಮತ್ತು ಧನ್ವಂತಿಯವರು ಅದರ ಜಂಟಿ ಅಧ್ಯಕ್ಷೆಯರಾದರು. 1963ರಿಂದ 1971ರವರೆಗೆ ಧನ್ವಂತಿಯವರು ಒಕ್ಕೂಟದ ಅಧ್ಯಕ್ಷೆಯಾಗಿದ್ದರು.

ಗೌರವ ಮತ್ತು ನಿಧನ

1959ರಲ್ಲಿ ಪದ್ಮಭೂಷಣ ಪ್ರಶಸ್ತಿಗೆ ಪಾತ್ರರಾದರು. ಇವರ ಆತ್ಮಕಥೆ 1977ರಲ್ಲಿ ಪ್ರಕಟವಾಯಿತು. 1987ರಲ್ಲಿ ನಿಧನರಾದರು.

ನಂತರದ ಬೆಳವಣಿಗೆಗಳು

ಭಾರತದಲ್ಲಿ ಎಚ್‌ಐವಿ ಸೋಂಕು ಮೊದಲು ಪತ್ತೆಯಾದದ್ದು ಧನ್ವಂತಿಯವರ ನಿಧನಕ್ಕೆ ಒಂದು ವರ್ಷ ಮುಂಚೆ, 1986ರಲ್ಲಿ. ಅನಂತರ ಹಾರ್ಮೋನ್ ಚುಚ್ಚುಮದ್ದು ಮಹಿಳೆಯರಲ್ಲಿ ಈ ಸೋಂಕಿನ ಅಪಾಯವನ್ನು ಹೆಚ್ಚಿಸುತ್ತದೆಯೇ ಎಂಬ ಪ್ರಶ್ನೆ ಎದ್ದಿತು. ಆಫ್ರಿಕಾದ ನಾಲ್ಕು ದೇಶಗಳ 7,829 ಮಹಿಳೆಯರ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ಡಿಎಂಪಿಎ ಚುಚ್ಚುಮದ್ದು, ಹಾರ್ಮೋನ್ ಇಂಪ್ಲಾಂಟ್ ಮತ್ತು ತಾಮ್ರದ ವಂಕಿಗಳ ನಡುವೆ ಅಪಾಯದಲ್ಲಿ ಗಣನೀಯ ವ್ಯತ್ಯಾಸ ಅದರಲ್ಲಿ ಕಂಡುಬರಲಿಲ್ಲ. ಆದರೆ ಈ ಮೂರೂ ವಿಧಾನಗಳು ಎಚ್‌ಐವಿಯನ್ನು ತಡೆಯುವುದಿಲ್ಲ. ಅದಕ್ಕೆ ಕಾಂಡೋಮ್ ಬಳಕೆ ಅಗತ್ಯ. ಡಿಎಂಪಿಎ ಚುಚ್ಚುಮದ್ದು ಭಾರತದ ಸರ್ಕಾರಿ ಆಸ್ಪತ್ರೆಗಳಲ್ಲಿ 2017ರಿಂದ ಅಂತರಾ ಎಂಬ ಹೆಸರಿನಲ್ಲಿ ಉಚಿತವಾಗಿ ಲಭ್ಯವಿದೆ. ಧನ್ವಂತಿಯವರು ಸ್ಥಾಪಿಸಿದ ಸಂಘವು ಬಸವಕಲ್ಯಾಣ ಮತ್ತು ಹುಮನಾಬಾದ್ ತಾಲ್ಲೂಕುಗಳಿರುವ ಬೀದರ್ ಜಿಲ್ಲೆಯಲ್ಲಿಯೂ ಶಾಖೆಯನ್ನು ಹೊಂದಿದೆ.