ಬೆಳಕನ್ನು ತಿರುಗಿಸಿದ ಫ್ಯಾರಡೆ

ಕಲಾ ವಿಭಾಗದ ವಿದ್ಯಾರ್ಥಿ ವಿಜ್ಞಾನಿಯ ಚರಿತ್ರೆ ಬರೆಯಹೊರಟುದು ಕೆಲವರಿಗೆ ಅಧಿಕಪ್ರಸಂಗವೆನಿಸೀತು. ಆದರೆ ಮೈಕೇಲ್ ಫ್ಯಾರಡೆ ಕಾಲೇಜಿನಲ್ಲಿ ಓದಿದವನೇ ಅಲ್ಲ. ಉನ್ನತ ಗಣಿತ ಅವನಿಗೂ ನನ್ನಂತೆಯೇ ದೂರ. ಆ ಸಲಿಗೆಯಿಂದ ಬರೆಯುತ್ತಿದ್ದೇನೆ.

ಅವನು 1791ರಲ್ಲಿ ಲಂಡನ್ನಿನ ಬಳಿ ಬಡ ಕಮ್ಮಾರನ ಮಗನಾಗಿ ಹುಟ್ಟಿದನು. 14ನೆಯ ವಯಸ್ಸಿಗೆ ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿ ಸೇರಿ, ಕೈಗೆ ಬಂದ ಪುಸ್ತಕಗಳನ್ನು ಓದಿಯೇ ಕಲಿತನು. 1812ರಲ್ಲಿ ಹಂಫ್ರಿ ಡೇವಿಯ ಉಪನ್ಯಾಸ ಕೇಳಿ, ಬರೆದುಕೊಂಡುದನ್ನು ತಾನೇ ರಟ್ಟು ಕಟ್ಟಿ ಡೇವಿಗೆ ಕಳಿಸಿದನು. ಮರುವರ್ಷ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಸಹಾಯಕನಾದನು. 1831ರ ವಿದ್ಯುತ್ ಪ್ರೇರಣೆಯ ಕಥೆ ಎಲ್ಲರೂ ಬಲ್ಲರು. ನನ್ನ ಮನಸ್ಸನ್ನು ಹಿಡಿದುದು ಒಂದು ಗಾಜಿನ ತುಂಡು.

ದೂರದರ್ಶಕಕ್ಕೆ ಒಳ್ಳೆಯ ಗಾಜು ಬೇಕೆಂದು 1820ರ ದಶಕದ ಕೊನೆಯಲ್ಲಿ ಅವನು ವರ್ಷಗಟ್ಟಲೆ ಕುಲುಮೆಯ ಮುಂದೆ ಬೆಂದು, ಸೀಸ ಬೆರೆತ ಭಾರವಾದ ಗಾಜನ್ನು ಮಾಡಿದ್ದನು. ಅದರಿಂದ ಹೆಚ್ಚೇನೂ ಆಗಲಿಲ್ಲ. 1840ರ ಹೊತ್ತಿಗೆ ಆರೋಗ್ಯ ಕೆಟ್ಟಿತು, ನೆನಪೂ ಕೈಕೊಡತೊಡಗಿತು. ಕೆಲವು ವರ್ಷ ಸಂಶೋಧನೆ ಬಹುಮಟ್ಟಿಗೆ ನಿಂತೇ ಹೋಯಿತು.

ಮುಂದಿನದನ್ನು ತಿಳಿಯಲು ಸೋಂದೆಯ ನಮ್ಮ ತೋಟದ ದಣಪೆ ಸಾಕು. ಅದರ ಅಡ್ಡಗಳುಗಳ ನಡುವೆ ಹಗ್ಗ ತೂರಿಸಿ ಪಕ್ಕಕ್ಕೆ ಅಲುಗಿಸಿದರೆ ಅಲೆ ದಾಟುತ್ತದೆ. ಮೇಲೆ ಕೆಳಗೆ ಅಲುಗಿಸಿದರೆ ಗಳು ತಡೆಯುತ್ತದೆ. ಒಂದೇ ದಿಕ್ಕಿಗೆ ಹೀಗೆ ಅಲುಗುವ ಬೆಳಕೇ ಧ್ರುವೀಕೃತ ಬೆಳಕು.

1845ರ ಸೆಪ್ಟೆಂಬರ್ 13ರಂದು ಫ್ಯಾರಡೆ ಎಣ್ಣೆಯ ದೀಪದ ಬೆಳಕನ್ನು ಧ್ರುವೀಕರಿಸಿ, ವಿದ್ಯುತ್ಕಾಂತದ ಬಳಿಯಿಟ್ಟ ವಸ್ತುಗಳೊಳಗೆ ಹಾಯಿಸಿ, ನಿಕಾಲ್ ಪಟ್ಟಕದಿಂದ ನೋಡಿದನು. ಬೇರೆ ಗಾಜು, ಸ್ಫಟಿಕಗಳಲ್ಲಿ ಏನೂ ಕಾಣಲಿಲ್ಲ. ಕೊನೆಗೆ ತನ್ನ ಹಳೆಯ ಗಾಜನ್ನಿಟ್ಟು, ಪಟ್ಟಕವನ್ನು ಕತ್ತಲಾಗುವವರೆಗೆ ತಿರುಗಿಸಿದನು. ಕಾಂತಕ್ಕೆ ವಿದ್ಯುತ್ತು ಹರಿಸಿದೊಡನೆ ದೀಪ ಮತ್ತೆ ಕಂಡಿತು! ಪಟ್ಟಕವನ್ನು ಇನ್ನಷ್ಟು ತಿರುಗಿಸಿದರೆ ಪುನಃ ಕತ್ತಲೆ. ಕಾಂತವು ಬೆಳಕಿನ ಅಲುಗಾಟದ ದಿಕ್ಕನ್ನೇ ತಿರುಗಿಸಿತ್ತು. ಕಾಂತಬಲ ಹೆಚ್ಚಿದಷ್ಟೂ, ಗಾಜಿನೊಳಗಿನ ದಾರಿ ಉದ್ದವಾದಷ್ಟೂ ಆ ಕೋನ ದೊಡ್ಡದು. ಕಾಂತಗುಣವನ್ನು ಅಳೆಯಲು ಬೆಳಕೇ ಅಳತೆಗೋಲಾಯಿತು.

1877ರಲ್ಲಿ ಜಾನ್ ಕರ್, ನುಣುಪು ಮಾಡಿದ ಕಾಂತದ ತುದಿಯಿಂದ ಪ್ರತಿಫಲಿಸಿದ ಬೆಳಕೂ ತಿರುಗುವುದನ್ನು ಕಂಡನು. ಇಂದು ತೆಳುಪದರಗಳ ಕಾಂತತ್ವವನ್ನು ಅಳೆಯುವುದು ಆ ದಾರಿಯಿಂದ. 1940ರ ದಶಕದಲ್ಲಿ ಬೆಂಗಳೂರಿನಲ್ಲಿ, ರಾಮನ್ನರ ಶಿಷ್ಯ ಎಸ್. ರಾಮಶೇಷನ್ನರು ವಜ್ರದಲ್ಲಿ ಫ್ಯಾರಡೆಯ ಈ ತಿರುವನ್ನು ಅಳೆದರು.

1862ರಲ್ಲಿ, ನೆನಪು ತೀರ ಕುಂದಿದ್ದಾಗಲೂ, ಮುದುಕ ಫ್ಯಾರಡೆ ಕಾಂತದ ನಡುವೆ ಜ್ವಾಲೆಯಿಟ್ಟು ಅದರ ವರ್ಣರೇಖೆಗಳು ಬದಲಾಗುವುವೇ ಎಂದು ನೋಡಿದನು. ಏನೂ ಕಾಣಲಿಲ್ಲ. 1867ರಲ್ಲಿ ತೀರಿಕೊಂಡನು. ಅವನು ಹುಡುಕಿದ ಬದಲಾವಣೆ ಹಾಲೆಂಡಿನ ಝೀಮನ್ನನಿಗೆ ಕಂಡುದು 1896ರಲ್ಲಿ.