ಅಶೋಕ ಚಕ್ರವರ್ತಿಯ ಎರಡು ಪಶ್ಚಾತ್ತಾಪಗಳು

ಬಾಳಿನ ಹಾದಿಯಲ್ಲಿ ಕೆಲವು ದೂರ ನಡೆದು ಹಿಂದಿರುಗಿ ನೋಡಿದವರಿಗೆ, ಆ ಒಂದು ಹೆಜ್ಜೆಯನ್ನು ಬೇರೆ ರೀತಿಯಲ್ಲಿ ಇಟ್ಟಿದ್ದರೆ ಲೇಸಾಗುತ್ತಿತ್ತೆಂದು ತೋರದಿರುವುದು ಅಪೂರ್ವವು. ಸಾಮಾನ್ಯರು ಈ ವ್ಯಥೆಯನ್ನು ಮನಸ್ಸಿನಲ್ಲಿಯೇ ಅಡಗಿಸಿಕೊಳ್ಳುವರು. ಅರಸರಾದರೋ ಅದನ್ನು ಮರೆಸಲು ಜಯಸ್ತಂಭಗಳನ್ನು ನೆಡಿಸುವರು. ತನ್ನ ವ್ಯಥೆಯನ್ನೇ ಕಲ್ಲಿನಲ್ಲಿ ಕೊರೆಯಿಸಿ ಪ್ರಜೆಗಳಿಗೆ ತಿಳಿಯಪಡಿಸಿದ ಅರಸನು ಮೌರ್ಯ ವಂಶದ ಅಶೋಕನು. ಆತನ ಶಾಸನಗಳಲ್ಲಿ ಮೂರು ನಮ್ಮ ಸೀಮೆಯಲ್ಲಿಯೇ ಇರುವುವು. ಪರಶುರಾಂಪುರದಿಂದ ಚಳ್ಳಕೆರೆಯ ಮಾರ್ಗವಾಗಿ ಬಡಗಣ ದಿಕ್ಕಿನ ಮೊಳಕಾಲ್ಮೂರು ತಾಲ್ಲೂಕನ್ನು ಸೇರಿದರೆ, ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರ ಎಂಬೆಡೆಗಳಲ್ಲಿ ಅವುಗಳನ್ನು ಕಾಣಬಹುದು. ಆದುದರಿಂದ ಈ ಮಹಾಪುರುಷನ ಚರಿತ್ರೆಯು ನಮಗೆ ದೂರದೇಶದ ಕಥೆಯಲ್ಲ.

ಅಶೋಕನು ಚಂದ್ರಗುಪ್ತ ಮೌರ್ಯನ ಮೊಮ್ಮಗನು, ಬಿಂದುಸಾರನ ಮಗನು. ಯೌವನದಲ್ಲಿ ಉಜ್ಜಯಿನಿಯಲ್ಲಿ ಅಧಿಕಾರ ನಡೆಸಿದನೆಂದು ಸಿಂಹಳದ ಗ್ರಂಥಗಳು ಹೇಳುವುವು. ಸಿಂಹಾಸನಕ್ಕಾಗಿ ಅಣ್ಣತಮ್ಮಂದಿರನ್ನು ಕೊಲ್ಲಿಸಿದನೆಂಬ ಐತಿಹ್ಯವೂ ಉಂಟು. ಆದರೆ ಆತನ ಶಾಸನವೊಂದರಲ್ಲಿ ಸೋದರರ ಮನೆವಾರ್ತೆಯ ಪ್ರಸ್ತಾಪವಿರುವುದರಿಂದ ಅದನ್ನು ಪೂರ್ತಿಯಾಗಿ ನಂಬಲಾಗದು. ಕ್ರಿ. ಪೂ. ೨೬೮ರ ಸುಮಾರಿಗೆ ಆತನಿಗೆ ಪಾಟಲೀಪುತ್ರದಲ್ಲಿ ಪಟ್ಟಾಭಿಷೇಕವಾಯಿತು.

ಪಟ್ಟಾಭಿಷೇಕವಾಗಿ ಎಂಟು ವರ್ಷಗಳು ಕಳೆದಿರಲು, ಪೂರ್ವಸಮುದ್ರದ ತೀರದ ಕಳಿಂಗ ರಾಜ್ಯದ ಮೇಲೆ ಅಶೋಕನು ದಂಡೆತ್ತಿ ಹೋಗಿ ಅದನ್ನು ಗೆದ್ದನು. ಆ ಗೆಲುವಿನ ಬೆಲೆಯನ್ನು ತನ್ನ ಹದಿಮೂರನೆಯ ಶಿಲಾಶಾಸನದಲ್ಲಿ ತಾನೇ ಲೆಕ್ಕ ಹಾಕಿರುವನು: ಸೆರೆಯಾಗಿ ನಾಡು ಬಿಟ್ಟು ಹೋದವರು ಒಂದೂವರೆ ಲಕ್ಷ, ರಣದಲ್ಲಿ ಮಡಿದವರು ಒಂದು ಲಕ್ಷ, ಬೇರೆ ವಿಧದಲ್ಲಿ ಅಳಿದವರು ಅದರ ಅನೇಕ ಪಾಲು. ಆತನನ್ನು ಹೆಚ್ಚಾಗಿ ಕಾಡಿದ್ದು ಕೇವಲ ಈ ಎಣಿಕೆಯಲ್ಲ. ತಂದೆತಾಯಿಗಳ ಸೇವೆ ಮಾಡುತ್ತ, ಹಿರಿಯರಿಗೆ ವಿಧೇಯರಾಗಿ, ಸೇವಕರನ್ನು ಆದರದಿಂದ ಕಂಡ ಗೃಹಸ್ಥರಿಗೂ ಸಂಕಟವೊದಗಿತಲ್ಲಾ, ತಾವು ಉಳಿದುಕೊಂಡವರೂ ಪ್ರಿಯರ ದುಃಖದಿಂದ ಬೆಂದರಲ್ಲಾ ಎಂಬುದೇ ಆತನ ಅಳಲು. ಅಂದು ನೊಂದವರ ನೂರರಲ್ಲೊಂದು ಪಾಲು, ಸಾವಿರದಲ್ಲೊಂದು ಪಾಲು ಜನರು ಇನ್ನು ಮುಂದೆ ನೊಂದರೂ ತನಗೆ ಅದು ದುಸ್ಸಹವೆಂದು ಸಾರಿದನು.

ಆ ಮೇಲೆ ಆತನ ನಡತೆಯು ಬದಲಾಯಿತು. ಅರಮನೆಯ ಅಡಿಗೆಗಾಗಿ ದಿನವೂ ಲಕ್ಷಾಂತರ ಪ್ರಾಣಿಗಳು ಹತವಾಗುತ್ತಿದ್ದುದು ಎರಡು ನವಿಲು, ಒಂದು ಜಿಂಕೆಗೆ ಇಳಿಯಿತು. ಅವನ್ನೂ ನಿಲ್ಲಿಸುವೆನೆಂದು ವಾಗ್ದಾನ ಮಾಡಿದನು. ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಡಾಯಿತು. ದಾರಿಗಳಲ್ಲಿ ಬಾವಿಗಳನ್ನು ತೋಡಿಸಿ ಮರಗಳನ್ನು ನೆಡಿಸಿದನು. ತನ್ನ ಮಕ್ಕಳೂ ಮೊಮ್ಮಕ್ಕಳೂ ಹೊಸ ದಿಗ್ವಿಜಯವನ್ನು ಬಯಸದೆ ಧರ್ಮದಿಂದ ಗೆಲ್ಲುವುದನ್ನೇ ಗೆಲುವೆಂದು ಎಣಿಸಲೆಂದು ಬರೆಯಿಸಿದನು.

ಆದರೆ ಸತ್ಯವನ್ನು ಪೂರ್ತಿಯಾಗಿ ಹೇಳಬೇಕಾದರೆ, ಕಳಿಂಗವನ್ನು ಆತನು ಹಿಂದಕ್ಕೆ ಕೊಡಲಿಲ್ಲ. ಸೆರೆಯಾದವರನ್ನು ಮರಳಿ ಕಳುಹಿಸಿದನೆಂದು ಯಾವ ಶಾಸನವೂ ಹೇಳುವುದಿಲ್ಲ. ಕಳಿಂಗದಲ್ಲಿಯೇ ಇರುವ ಧೌಲಿ ಮತ್ತು ಜೌಗಡದ ಬಂಡೆಗಳಲ್ಲಿ ಆ ಹದಿಮೂರನೆಯ ಶಾಸನವನ್ನು ಕೊರೆಯಿಸಲೂ ಇಲ್ಲ. ಅದರ ಸ್ಥಾನದಲ್ಲಿ, ಎಲ್ಲ ಜನರೂ ತನ್ನ ಮಕ್ಕಳೆಂದೂ, ಅಧಿಕಾರಿಗಳು ಯಾರನ್ನೂ ಅನ್ಯಾಯವಾಗಿ ಬಂಧಿಸಬಾರದೆಂದೂ ವಿಧಿಸುವ ಬೇರೆ ಶಾಸನಗಳಿವೆ. ನೊಂದವರ ಮುಂದೆ ತನ್ನ ತಪ್ಪನ್ನು ಒಪ್ಪಿಕೊಳ್ಳುವುದು ಚಕ್ರವರ್ತಿಗೂ ಕಷ್ಟವೇ ಆಯಿತೇನೋ! ಆಗಿ ಹೋದ ಕಾರ್ಯವನ್ನು ಅಳಿಸುವ ಶಕ್ತಿಯು ಯಾವ ಪಶ್ಚಾತ್ತಾಪಕ್ಕೂ ಇಲ್ಲ. ಮುಂದಿನ ಕಾರ್ಯವನ್ನು ತಿದ್ದುವ ಶಕ್ತಿಯು ಮಾತ್ರ ಇರುವುದು.

ಇನ್ನು ನಮ್ಮ ಬ್ರಹ್ಮಗಿರಿಯ ಬಂಡೆಯನ್ನು ನೋಡೋಣ. ಊರವರು ಅದನ್ನು ಅಕ್ಷರಗುಂಡು ಎಂದು ಕರೆಯುತ್ತಿದ್ದರು. ೧೮೯೨ರಲ್ಲಿ, ಬೆಂಗಳೂರಿನಲ್ಲಿಯೇ ಹುಟ್ಟಿದ ಬಿ. ಎಲ್. ರೈಸ್ ಅವರು ಈ ಶಾಸನಗಳನ್ನು ಬೆಳಕಿಗೆ ತಂದರು. ಸುವರ್ಣಗಿರಿಯಲ್ಲಿದ್ದ ರಾಜಕುಮಾರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಕ್ಷೇಮವನ್ನು ಕೇಳಿ ಕಳುಹಿಸಿದ ರಾಜಾಜ್ಞೆಯಿದು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮೀ; ಬರೆದವನು ಚಪಡನೆಂಬ ಲಿಪಿಕಾರನು.

ಇದರಲ್ಲಿ ಕಳಿಂಗದ ಮಾತೇ ಇಲ್ಲ, ಮತ್ತೊಂದು ಪಶ್ಚಾತ್ತಾಪವಿದೆ. ತಾನು ಬುದ್ಧನ ಉಪಾಸಕನಾಗಿ ಎರಡೂವರೆ ವರ್ಷಗಳಿಗೆ ಮಿಕ್ಕಿದ್ದರೂ, ಒಂದು ವರ್ಷದವರೆಗೆ ಸಾಕಷ್ಟು ಶ್ರಮಿಸಲಿಲ್ಲವೆಂದೂ, ಸಂಘವನ್ನು ಸೇರಿದ ಮೇಲಿನ ಒಂದು ವರ್ಷದಿಂದೀಚೆಗೆ ಚೆನ್ನಾಗಿ ಶ್ರಮಿಸುತ್ತಿರುವೆನೆಂದೂ ಅರಸನು ಇಲ್ಲಿ ಒಪ್ಪಿಕೊಂಡಿರುವನು. ಮೊದಲನೆಯದು ಮಾಡಿದ ಕಾರ್ಯಕ್ಕಾಗಿ ಪಟ್ಟ ದುಃಖ. ಎರಡನೆಯದು ಮಾಡದೆ ಬಿಟ್ಟ ಕಾರ್ಯಕ್ಕಾಗಿ ಪಟ್ಟ ದುಃಖ. ರಾಜ್ಯಗಳನ್ನು ಗೆದ್ದು ಕೆಡಿಸುವ ಅವಕಾಶವು ನಮ್ಮಲ್ಲಿ ಯಾರಿಗೂ ಒದಗುವಂತಿಲ್ಲ. ಆದರೆ ಒಳ್ಳೆಯದೆಂದು ತಿಳಿದೂ ಶ್ರಮಿಸದೆ ಒಂದು ವರ್ಷವನ್ನು ಕಳೆಯುವುದು ಪ್ರತಿಯೊಂದು ಮನೆಯಲ್ಲಿಯೂ ಆಗತಕ್ಕದ್ದು. ತಾಯಿಗೆ ಬರೆಯದೆ ಉಳಿದ ಕಾಗದ, ನಡುವೆ ನಿಂತ ಓದು, ಕೇಳದೆ ಹೋದ ಕ್ಷಮೆ, ಇವೇ ಹೆಚ್ಚು ಮಂದಿಯ ಕೊರಗುಗಳು.

ಇದಕ್ಕೆ ಆ ಬಂಡೆಯಲ್ಲಿಯೇ ಸಮಾಧಾನವೂ ಇದೆ. ಶ್ರಮದ ಫಲವು ದೊಡ್ಡವರಿಗೆ ಮಾತ್ರ ಮೀಸಲಲ್ಲ, ಚಿಕ್ಕವರೂ ಶ್ರಮಿಸಿದರೆ ಅದನ್ನು ಪಡೆಯಬಹುದೆಂದು ಅಶೋಕನು ಸಾರಿರುವನು. ತಾಯಿತಂದೆಗಳ ಮಾತನ್ನು ಕೇಳಬೇಕು, ಪ್ರಾಣಿಗಳಲ್ಲಿ ದಯೆಯಿಡಬೇಕು, ಸತ್ಯವನ್ನು ನುಡಿಯಬೇಕು, ಶಿಷ್ಯರು ಗುರುವನ್ನು ಗೌರವಿಸಬೇಕು, ಬಂಧುಗಳಲ್ಲಿ ತಕ್ಕ ರೀತಿಯಿಂದ ನಡೆದುಕೊಳ್ಳಬೇಕು ಎಂಬಿಷ್ಟೇ ಅಲ್ಲಿಯ ಧರ್ಮವು. ಇವುಗಳಲ್ಲಿ ಒಂದನ್ನಾದರೂ ಈ ದಿನವೇ ಆರಂಭಿಸಲಾರದವರು ಯಾರೂ ಇಲ್ಲ.

ಅಶೋಕನು ಕ್ರಿ. ಪೂ. ೨೩೨ರ ಸುಮಾರಿಗೆ ತೀರಿಕೊಂಡನು. ಅರ್ಧ ಶತಮಾನದಲ್ಲಿ ಆತನ ವಂಶದ ರಾಜ್ಯವೂ ಅಳಿಯಿತು. ಆತನ ಲಿಪಿಯನ್ನು ಓದಬಲ್ಲವರೂ ಕಾಲಕ್ರಮದಲ್ಲಿ ಇಲ್ಲವಾದರು. ೧೮೩೭ರಲ್ಲಿ ಜೇಮ್ಸ್ ಪ್ರಿನ್ಸೆಪ್ ಎಂಬವರು ಅದರ ಗುಟ್ಟನ್ನು ಬಿಡಿಸುವವರೆಗೂ ಆ ಅಕ್ಷರಗಳು ಮೂಕವಾಗಿದ್ದುವು. ಗೆದ್ದ ನಾಡುಗಳೊಂದೂ ಉಳಿಯದಿದ್ದರೂ, ಕಳೆದ ಒಂದು ವರ್ಷಕ್ಕಾಗಿ ಚಕ್ರವರ್ತಿಯು ನೊಂದ ಮಾತು ನಮ್ಮ ಮೊಳಕಾಲ್ಮೂರಿನ ಬಂಡೆಯ ಮೇಲೆ ಉಳಿದಿದೆ. ಈ ಶಾಲೆಯಲ್ಲಿ ಓದಿ ಮನೆಮಂದಿಯ ಹೊಣೆಯನ್ನು ಹೊತ್ತ ಸೋದರಿಯರೂ, ಮಕ್ಕಳನ್ನು ಇಲ್ಲಿಗೆ ಕಳುಹಿಸುವ ತಂದೆತಾಯಿಗಳೂ ಬಿಡುವಾದಾಗ ಮಕ್ಕಳೊಡನೆ ಅಲ್ಲಿಗೆ ಹೋಗಿ ಅದನ್ನು ನೋಡಿ ಬರತಕ್ಕದ್ದು.